ತೆನೆಹಬ್ಬ ಮತ್ತು ಕರಾವಳಿ ಕ್ಯಾಥೊಲಿಕರು: ಸಂಸ್ಕೃತಿ ಸಂಗಮ

ಪೆರು, ಬೊಲಿವಿಯಾಗಳ ಆಂಡಿಸ್ ಜನರು ಭೂತಾಯಿ ಪಚಮಾಮಾಳನ್ನು ಮೇರಿ ಮಾತೆಯಲ್ಲಿ ಕಂಡರು. ಕ್ರೈಸ್ತ ಹಾಗೂ ಸ್ಥಳೀಯ ನಂಬಿಕೆಗಳು ಬೆರೆತ ಪೆರುವಿನ ಕೊಯ್ಯುರಿಟಿ ಯಾತ್ರೆ 2011ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಇಂಥ ಬೆರಕೆಗೆ ಉಡುಪಿ ಜಿಲ್ಲೆಯಲ್ಲೇ ಸೊಗಸಾದ ಉದಾಹರಣೆಯಿದೆ.

ಕರಾವಳಿ ಕ್ಯಾಥೊಲಿಕರ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಮೇರಿಯ ಜನ್ಮದಿನವೂ ಹೌದು, ಹೊಸ ಬೆಳೆಯ ಹಬ್ಬವೂ ಹೌದು. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಸೇವಿಸುತ್ತಾರೆ. ಆ ದಿನ ಬಾಳೆಎಲೆಯಲ್ಲಿ ಸಸ್ಯಾಹಾರದ ಊಟ. ತುಳುವರ ಹೊಸ ಅಕ್ಕಿ ಊಟದೊಂದಿಗೆ ಇದರ ನಂಟು ಸ್ಪಷ್ಟ. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರವೂ ಈ ಮಣ್ಣಿನದೇ.

ಕಾರಣ ಗಮನಿಸಿ: 1736ರಲ್ಲಿ ಗೋವಾದ ಚರ್ಚ್ ನ್ಯಾಯಮಂಡಳಿಯಾದ ಇನ್‌ಕ್ವಿಸಿಷನ್ ಸ್ಥಳೀಯ ಆಚರಣೆಗಳನ್ನು ನಿಷೇಧಿಸಿತು. ಗೋವಾದಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ಅದರ ಹಿಡಿತದಾಚೆಯ ಕೆಳದಿ ನಾಯಕರ ಸೀಮೆಯಲ್ಲಿ ನೆಲೆಸಿದ್ದರಿಂದ ಹಳೆಯ ಪದ್ಧತಿಗಳು ಇಲ್ಲಿ ಉಳಿದವು. ಅವರು ಮತ ಬದಲಿಸಿದರೂ ಗದ್ದೆಯನ್ನು ಮರೆಯಲಿಲ್ಲ. ಈ ಅಧ್ಯಾಯದ ಅತಿ ಮುಖ್ಯ ಅಂಶ ಇದೇ.

ಈ ಸಂಗಮ ಇಂದಿಗೂ ಕಾಣುತ್ತದೆ: ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಚರ್ಚಿಗೆ 2016ರಲ್ಲಿ ಮೈನರ್ ಬೆಸಿಲಿಕಾ ಸ್ಥಾನ ದೊರೆಯಿತು. ಜನವರಿಯ ಅಲ್ಲಿನ ವಾರ್ಷಿಕ ಮಹೋತ್ಸವದಲ್ಲಿ ಹಿಂದೂ, ಮುಸ್ಲಿಮರೂ ಮೇಣದ ಬತ್ತಿಯ ಹರಕೆ ತೀರಿಸುತ್ತಾರೆ.

ನೆನಪಿಡಿ: ಉಡುಪಿ ಧರ್ಮಪ್ರಾಂತ್ಯ ಸ್ಥಾಪನೆ 2012; ಅದರ ಕೆಥೆಡ್ರಲ್ ಕಲ್ಯಾಣಪುರದ ಮಿಲಾಗ್ರಿಸ್.