400 ರೂಪಾಯಿಯ ಸ್ಕ್ಯಾನರ್ ಚಾರ್ಜ್

ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಯ ಹಿಂದಿನ ಪ್ಯಾಡ್ ಸವೆದಾಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮಾಲೀಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಕಲಬುರಗಿಯ ಕಂಪನಿ ಸರ್ವಿಸ್ ಸೆಂಟರಿಗೆ ಹೋಗಿ, ಪ್ಯಾಡ್, ಡಿಸ್ಕ್, ಕ್ಲೀನಿಂಗ್ ಎಲ್ಲ ಸೇರಿಸಿ ಬರೆದ ಎಸ್ಟಿಮೇಟಿಗೆ ಓದದೆ ಸಹಿ ಹಾಕುತ್ತಾರೆ. ಉಳಿದವರು ಊರಲ್ಲೇ ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಅರ್ಧ ತಾಸಿನಲ್ಲಿ ಕೆಲಸ ಮುಗಿಸಿಕೊಳ್ಳುತ್ತಾರೆ. ಆಮೇಲೆ ಡ್ಯಾಶ್‌ಬೋರ್ಡಿನ ಮೇಲೆ ದೀಪ ಹತ್ತಿಕೊಂಡಾಗ ಹೊಸ ಕ್ಯಾಲಿಪರಿಗೆ ದುಡ್ಡು ಹುಡುಕುತ್ತಾರೆ. ಎರಡೂ ಕಡೆ ಹಣ ಸೋರುತ್ತದೆ, ಆದರೆ ಸೋರುವ ಜಾಗ ಬೇರೆ. ಮೊದಲನೆಯವರು ಬೇಡದ ಸಾಮಾನಿಗೆ ಕೊಡುತ್ತಾರೆ, ಎರಡನೆಯವರು ಬೇಕಾದ ಕೌಶಲಕ್ಕೆ ಕೊಡುವುದಿಲ್ಲ. ಈ ಕೆಲಸದಲ್ಲಿ ದುಡ್ಡು ಕೊಡಲೇಬೇಕಾದ್ದು ಸ್ಕ್ಯಾನರ್ ಇಟ್ಟುಕೊಂಡು ಅದನ್ನು ಬಳಸಬಲ್ಲ ಮಿಸ್ತ್ರಿಗೆ. ಅದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಸಿ, ಚೌಕಾಶಿ ಮಾಡದೆ ಕೊಡಬೇಕು ಎಂಬುದು ನನ್ನ ವಾದ.

ಮೊದಲು ಈ ಬ್ರೇಕ್ ದುಬಾರಿ ಗಾಡಿಗಳವರ ಚಿಂತೆಯಾಗಿತ್ತು. ಬಿಎಂಡಬ್ಲ್ಯು 2001ರಲ್ಲಿ ತನ್ನ 7 ಸೀರೀಸ್‌ನಲ್ಲಿ ತಂದಾಗ ನಮ್ಮ ಜಿಲ್ಲೆಗೂ ಅದಕ್ಕೂ ಸಂಬಂಧವಿರಲಿಲ್ಲ. 2020ರ ಕ್ರೆಟಾ, 2021ರ ಎಕ್ಸ್‌ಯುವಿ 700, 2023ರ ಸೆಲ್ಟೋಸ್ ಮತ್ತು ಹ್ಯಾರಿಯರ್, 2024ರ ಎಕ್ಸ್‌ಯುವಿ 3ಎಕ್ಸ್‌ಒ, ಇವುಗಳ ಮೇಲಿನ ವೇರಿಯಂಟ್‌ಗಳಲ್ಲಿ ಹ್ಯಾಂಡ್ ಬ್ರೇಕಿನ ಹಿಡಿಕೆ ಹೋಗಿ ಬೆರಳಲ್ಲಿ ಎತ್ತುವ ಸ್ವಿಚ್ ಬಂತು. ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಮಿನ ವಾಸವದತ್ತಾ, ಚಿಂಚೋಳಿ ತಾಲ್ಲೂಕಿನ ಛತ್ರಸಾಲದ ಕಾರ್ಖಾನೆ, ಇಂಥ ಸಿಮೆಂಟಿನ ಸಂಬಳ ಬರುವ ಮನೆಗಳಲ್ಲಿ ಈ ಗಾಡಿಗಳು ಸಾಲದ ಮೇಲೆ ಬಂದು ನಿಂತಿವೆ. ಮೊದಲು ಬಂದವುಗಳ ವಾರಂಟಿ ಮುಗಿದಿದೆ, ಪ್ಯಾಡುಗಳೂ ಮುಗಿಯುತ್ತಿವೆ. ಪ್ರಶ್ನೆ ಈಗ ಏಳುತ್ತಿರುವುದು ಅದಕ್ಕೇ.

ಹಳೆಯ ಹಿಂದಿನ ಡಿಸ್ಕ್ ಬ್ರೇಕಿನಲ್ಲಿ ಹ್ಯಾಂಡ್ ಬ್ರೇಕಿನ ಕೇಬಲ್ ಒಂದು ಸಣ್ಣ ಲಿವರನ್ನು ಎಳೆಯುತ್ತಿತ್ತು. ಈಗ ಕ್ಯಾಲಿಪರಿನ ಬೆನ್ನಿಗೇ ಒಂದು ಮೋಟಾರ್ ಕೂತಿರುತ್ತದೆ. ಅದು ಹಲ್ಲುಚಕ್ರಗಳ ಮೂಲಕ ಒಂದು ಸ್ಕ್ರೂ ತಿರುಗಿಸುತ್ತದೆ, ಸ್ಕ್ರೂ ಮೇಲಿನ ನಟ್ ಮುಂದೆ ಸರಿದು ಪಿಸ್ಟನ್ನನ್ನು ಒತ್ತುತ್ತದೆ, ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಅದುಮುತ್ತದೆ. ಸ್ವಿಚ್ ಇಳಿಸಿದಾಗ ನಟ್ ಸ್ವಲ್ಪವೇ ಹಿಂದೆ ಬರುತ್ತದೆ, ಪೂರ್ತಿ ಬರುವುದಿಲ್ಲ. ಪ್ಯಾಡ್ ಸವೆದಷ್ಟೂ ಅದು ಮುಂದೆಯೇ ನಿಲ್ಲುತ್ತಾ ಹೋಗುತ್ತದೆ. ಹೊಸ ಪ್ಯಾಡ್ ದಪ್ಪ. ಅದಕ್ಕೆ ಜಾಗ ಮಾಡಲು ಪಿಸ್ಟನ್ ಒಳಗೆ ಹೋಗಬೇಕು, ಒಳಗೆ ಹೋಗಲು ಅದರ ಹಿಂದಿರುವ ನಟ್ ಮೊದಲು ಪೂರ್ತಿ ಹಿಂದಕ್ಕೆ ಬರಬೇಕು. ಅದನ್ನು ಹಿಂದಕ್ಕೆ ತರುವುದೇ ಸರ್ವಿಸ್ ಮೋಡ್. ಇದನ್ನು ಬಿಟ್ಟು ಸಿ-ಕ್ಲ್ಯಾಂಪ್ ಹಾಕಿ ಬಲವಾಗಿ ತಿರುಗಿಸಿದರೆ ಪಿಸ್ಟನ್ ಹೋಗಿ ನಟ್ಟಿಗೆ ಗುದ್ದುತ್ತದೆ. ಇನ್ನೂ ಬಲ ಹಾಕಿದರೆ ಸ್ಕ್ರೂ ಅಥವಾ ಹಲ್ಲು ಮುರಿಯುತ್ತದೆ. ಕೆಲವು ಗ್ಯಾರೇಜುಗಳಲ್ಲಿ ಮೋಟಾರಿನ ಪ್ಲಗ್ ಕಿತ್ತು, ಬ್ಯಾಟರಿಯಿಂದ ಎರಡು ವೈರ್ ಹಚ್ಚಿ, ಉಲ್ಟಾ ತಿರುಗಿಸಿಬಿಡುತ್ತಾರೆ. ನಟ್ ಹಿಂದೆ ಬರುವುದು ನಿಜ. ಆದರೆ ಎಲ್ಲಿ ನಿಲ್ಲಬೇಕೆಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ, ಮೋಟಾರ್ ಕೊನೆಗೆ ಹೋಗಿ ಬಿಗಿದುಕೊಳ್ಳಬಹುದು. ನಟ್ ಎಲ್ಲಿದೆ ಎಂಬುದು ಗಾಡಿಯ ಕಂಪ್ಯೂಟರಿಗೂ ತಿಳಿಯುವುದಿಲ್ಲ. ಪ್ಯಾಡ್ ಹಾಕಿದ ಮೇಲೆ ಮೋಟಾರನ್ನು ಹೊಸ ಸ್ಥಾನಕ್ಕೆ ಹೊಂದಿಸುವ ಕೆಲಸವೂ ಉಳಿದಿರುತ್ತದೆ, ಅದೂ ಸ್ಕ್ಯಾನರಿನದೇ. ಕೆಲವು ಮಾಡೆಲ್‌ಗಳಲ್ಲಿ ಪೆಡಲ್ ಮತ್ತು ಸ್ವಿಚ್ಚನ್ನು ಒಂದು ಕ್ರಮದಲ್ಲಿ ಒತ್ತಿದರೆ ಸರ್ವಿಸ್ ಮೋಡ್ ಬರುತ್ತದೆ. ಅಂಥ ಗಾಡಿ ನಿಮ್ಮದಾದರೆ ಸ್ಕ್ಯಾನರ್ ಚಾರ್ಜೇ ಬೇಡ, ಮಿಸ್ತ್ರಿಗೆ ಆ ಕ್ರಮ ಗೊತ್ತಿದ್ದರೆ ಸಾಕು.

ಈಗ ಲೆಕ್ಕ. ಬೆಲೆ ಗಾಡಿಯಿಂದ ಗಾಡಿಗೆ ಬದಲಾಗುತ್ತದೆ, ಆದ್ದರಿಂದ ನಾನು ಹಿಡಿಯುವ ಅಂಕಿಗಳ ಜಾಗದಲ್ಲಿ ನಿಮ್ಮ ಎಸ್ಟಿಮೇಟಿನ ಅಂಕಿ ಇಟ್ಟುಕೊಂಡು ಓದಿ. ಹಿಂದಿನ ಎರಡೂ ಚಕ್ರಗಳ ಕಂಪನಿ ಪ್ಯಾಡಿಗೆ 3,800 ರೂಪಾಯಿ, ಸರ್ವಿಸ್ ಸೆಂಟರಿನ ಕೂಲಿ 1,200. ಚಿಂಚೋಳಿಯಿಂದ ಕಲಬುರಗಿಗೆ ಹೋಗಿ ಬರಲು ಸುಮಾರು 170 ಕಿಲೋಮೀಟರ್. ಲೀಟರಿಗೆ 14 ಕಿಲೋಮೀಟರ್, ಲೀಟರಿಗೆ 100 ರೂಪಾಯಿ ಎಂದರೆ ಪೆಟ್ರೋಲಿಗೇ 1,200. ಒಟ್ಟು 6,200. ರಜೆ ಹಾಕಿದ ದಿನದ ಸಂಬಳ ಇದರಲ್ಲಿ ಸೇರಿಲ್ಲ. ಅದೇ ಪ್ಯಾಡನ್ನು ಪಾರ್ಟ್ಸ್ ಕೌಂಟರಿನಿಂದ ತರಿಸಿ ಊರಲ್ಲಿ ಸ್ಕ್ಯಾನರ್ ಇಲ್ಲದೆ ಹಾಕಿಸಿದರೆ 3,800ಕ್ಕೆ ಕೂಲಿ 600 ಸೇರಿ 4,400. ಉಳಿತಾಯ 1,800. ಕ್ಯಾಲಿಪರ್ ಮತ್ತು ಮೋಟಾರ್ ಒಂದು ಕಡೆ ಕೆಟ್ಟರೆ 16,000 ಎಂದು ಹಿಡಿಯೋಣ. 16,000ವನ್ನು 1,800ರಿಂದ ಭಾಗಿಸಿದರೆ ಹೆಚ್ಚುಕಡಿಮೆ 9. ಅಂದರೆ ಇಂಥ ಒಂಬತ್ತು ಕೆಲಸಗಳಲ್ಲಿ ಒಂದು ಕೆಟ್ಟರೂ ಒಂಬತ್ತು ಜನರ ಉಳಿತಾಯವೆಲ್ಲ ಅಲ್ಲಿಗೆ ಮುಗಿಯಿತು. ಮುಗಿಯುವುದು ಒಂಬತ್ತು ಜನರ ಲೆಕ್ಕದಲ್ಲಿ, ತೆರುವವನು ಮಾತ್ರ ಒಬ್ಬನೇ. ಮೂರನೆಯದು, ಊರಲ್ಲೇ ಸ್ಕ್ಯಾನರ್ ಇಟ್ಟುಕೊಂಡವನ ಹತ್ತಿರ: 3,800, ಕೂಲಿ 600, ಸ್ಕ್ಯಾನರ್ ಚಾರ್ಜ್ 400, ಒಟ್ಟು 4,800. ಸೆಂಟರಿಗಿಂತ 1,400 ಕಡಿಮೆ, ಸ್ಕ್ಯಾನರ್ ಇಲ್ಲದವನಿಗಿಂತ 400 ಮಾತ್ರ ಹೆಚ್ಚು. ಆ 400ನ್ನು 16,000ದ ಪಕ್ಕದಲ್ಲಿಟ್ಟು ನೋಡಿ, ನಲವತ್ತರಲ್ಲಿ ಒಂದು ಪಾಲು. ಸ್ಕ್ಯಾನರ್ ಇಲ್ಲದೆ ಮಾಡಿದ ನಲವತ್ತು ಕೆಲಸಗಳಲ್ಲಿ ಒಂದಕ್ಕಿಂತ ಹೆಚ್ಚು ಕೆಡುತ್ತವೆ ಎಂದು ನಿಮಗೆ ಅನ್ನಿಸಿದರೆ ಈ 400 ಲಾಭದ ಹಣ. ಕ್ಲ್ಯಾಂಪಿನ ಕೆಲಸ ಹೇಗಿರುತ್ತದೆಂದು ಮೇಲೆ ಬರೆದದ್ದನ್ನು ಓದಿದ ಮೇಲೆ ನಲವತ್ತಕ್ಕೆ ಒಂದೇ ಎಂದು ನಂಬುವುದು ನನಗೆ ಸಾಧ್ಯವಿಲ್ಲ.

ಸೆಂಟರಿನ ಎಸ್ಟಿಮೇಟ್ ಪ್ಯಾಡ್ ಮತ್ತು ಕೂಲಿಯ 5,000ಕ್ಕೆ ನಿಲ್ಲುವುದು ಕಡಿಮೆ. ಎರಡು ಡಿಸ್ಕ್, ಒಂದು 'ಬ್ರೇಕ್ ಟ್ರೀಟ್‌ಮೆಂಟ್', ಮೇಲೆ ಹೆಚ್ಚುವರಿ ಕೂಲಿ ಸೇರಿದರೆ ಮೊತ್ತ ಎರಡು ಪಟ್ಟು ದಾಟುತ್ತದೆ. ಡಿಸ್ಕ್ ಬದಲಿಸಬೇಕೋ ಬೇಡವೋ ಎಂಬುದು ಅಭಿಪ್ರಾಯದ ವಿಷಯವಲ್ಲ, ಅಳತೆಯ ವಿಷಯ. ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೆತ್ತಿರುತ್ತಾರೆ. ಮೈಕ್ರೋಮೀಟರಿನಲ್ಲಿ ಅಳೆದು ಅಂಕಿಯನ್ನು ಜಾಬ್ ಕಾರ್ಡಿನಲ್ಲಿ ಬರೆಯಿರಿ ಎಂದು ಕೇಳಿ. ಅದಕ್ಕಿಂತ ತೆಳ್ಳಗಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ, ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತಿದ್ದರೆ ಬದಲಿಸುವ ಮಾತಾಡಲಿ. ಸಣ್ಣ ಗೆರೆಗಳನ್ನು ತೋರಿಸಿ ಹೆದರಿಸುವುದನ್ನು ಒಪ್ಪಬೇಡಿ. ಶಹಾಬಾದ್ ಫರ್ಶಿಯ ಕ್ವಾರಿಗಳ ಪಕ್ಕದ ರಸ್ತೆಯಲ್ಲಿ, ಸುಣ್ಣಕಲ್ಲಿನ ಲಾರಿಗಳ ಹಿಂದೆ ದಿನವೂ ಓಡುವ ಗಾಡಿಯ ಡಿಸ್ಕಿನಲ್ಲಿ ಗೆರೆ ಇರದಿದ್ದರೆ ಅದೇ ಆಶ್ಚರ್ಯ.

ನಮ್ಮ ಧೂಳು ನಿಜವಾಗಿ ಹಾಳು ಮಾಡುವುದು ಬೇರೆ ಜಾಗವನ್ನು. ಕ್ಯಾಲಿಪರ್ ಜಾರುವ ಎರಡು ಪಿನ್ನುಗಳಿವೆ, ಅವುಗಳ ಮೇಲೆ ರಬ್ಬರ್ ಟೋಪಿ. ರಬ್ಬರ್ ಸೀಳಿ ಕಲ್ಲಿನ ಪುಡಿಯೂ ಮಳೆನೀರೂ ಒಳಗೆ ಹೋದರೆ ಪಿನ್ ಹಿಡಿದುಕೊಳ್ಳುತ್ತದೆ. ಆಗ ಪಿಸ್ಟನ್ ಪಕ್ಕದ ಪ್ಯಾಡ್ ಬೇಗ ಸವೆಯುತ್ತದೆ, ಆಚೆಯದು ದಪ್ಪವಾಗೇ ಉಳಿಯುತ್ತದೆ. ಪಿನ್ ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿದರೆ ಮುಗಿಯಿತು. ಚಕ್ರದ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ, ಪಿನ್ ಮತ್ತೆ ಹಿಡಿಯುತ್ತದೆ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಈ ಕೆಲಸ ಮಾಡಿಸಿದವರ ಪ್ಯಾಡ್ ಎರಡೂ ಬದಿ ಸಮನಾಗಿ ಸವೆಯುತ್ತದೆ, ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಬರುತ್ತದೆ. 'ಟ್ರೀಟ್‌ಮೆಂಟ್' ಎಂದು ಹೊರಗಿಂದ ಸ್ಪ್ರೇ ಹೊಡೆದು ಹಣ ತೆಗೆದುಕೊಂಡರೆ ಈ ಪಿನ್ನುಗಳಿಗೆ ಏನೂ ಆಗುವುದಿಲ್ಲ. ಪಿನ್ ಬಿಚ್ಚಿದಿರಾ ಎಂದು ಒಂದೇ ಪ್ರಶ್ನೆ ಕೇಳಿ.

ಇನ್ನು ಎಕ್ಸ್‌ಟೆಂಡೆಡ್ ವಾರಂಟಿ. ಗಾಡಿ ಕೊಳ್ಳುವಾಗ 'ಬ್ರೇಕ್ ಎಲ್ಲ ಎಲೆಕ್ಟ್ರಾನಿಕ್, ವಾರಂಟಿ ಹೆಚ್ಚಿಸಿಕೊಳ್ಳಿ' ಎಂದು ಇದನ್ನು ಮಾರುತ್ತಾರೆ, ಆ ಮಾರುವ ರೀತಿಯ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಪ್ಯಾಡ್ ಸವೆಯುವ ವಸ್ತು. ಸವೆಯುವ ವಸ್ತುಗಳನ್ನು ಕಂಪನಿ ವಾರಂಟಿಯೂ ಹೆಚ್ಚಿಸಿಕೊಂಡ ವಾರಂಟಿಯೂ ಹೊರಗಿಡುತ್ತವೆ. ಝೀರೋ ಡೆಪ್ ಇನ್ಶೂರೆನ್ಸ್ ಇದೆಯಲ್ಲ ಎನ್ನುವವರಿಗೂ ಇದೇ ಉತ್ತರ. ಮೋಟಾರ್ ಪಾಲಿಸಿ ಅಪಘಾತಕ್ಕೆ, ಸವೆತಕ್ಕೂ ಯಾಂತ್ರಿಕ ಕೆಡುಕಿಗೂ ಅಲ್ಲ. ಬ್ರೇಕಿನ ಮೋಟಾರ್ ತಾನಾಗಿ ಕೆಟ್ಟರೆ ವಾರಂಟಿಯಲ್ಲಿ ಬರಬಹುದು, ಕ್ಲ್ಯಾಂಪ್ ಒತ್ತಿ ಮುರಿದರೆ ಬರುವುದಿಲ್ಲ. ಗೇರ್‌ಬಾಕ್ಸಿನ ಭಯಕ್ಕೆ ಆ ವಾರಂಟಿ ಕೊಳ್ಳುವವರು ಕೊಳ್ಳಲಿ, ಅದು ಬೇರೆ ಲೆಕ್ಕ. ಬ್ರೇಕಿನ ಹೆಸರಲ್ಲಿ ಅದನ್ನು ಮಾರಬಾರದು.

ಹೊರಗೆ ಕೈ ಹಾಕಿಸಿದರೆ ವಾರಂಟಿಯೇ ಹೋಗುತ್ತದೆ ಎಂಬುದು ನನ್ನ ವಾದಕ್ಕೆ ಬರುವ ದೊಡ್ಡ ಆಕ್ಷೇಪ. ಇದೇ ವಿಷಯ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಗಿತ್ತು. 2014ರ ಆಗಸ್ಟ್ 25ರ ಆದೇಶದಲ್ಲಿ ಆಯೋಗ ಮಾರುತಿ, ಟಾಟಾ, ಮಹೀಂದ್ರಾ, ಹೋಂಡಾ, ಟೊಯೋಟಾ ಸೇರಿ 14 ಕಾರ್ ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೇ ತಪ್ಪು ಎಂದಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ನಿರಾಕರಿಸುವುದಕ್ಕೂ ಕಡಿವಾಣ ಹಾಕಿತು. ಹ್ಯುಂಡೈ ಮೇಲೆ 2015ರಲ್ಲಿ ಬೇರೆ ಆದೇಶ ಬಂತು. ಮೇಲ್ಮನವಿಗಳು ವರ್ಷಗಟ್ಟಲೆ ನಡೆದವು, ಆದರೆ ಆಯೋಗ ಎತ್ತಿದ ಪ್ರಶ್ನೆ ನಮ್ಮ ಈ ಸ್ಕ್ಯಾನರಿನ ಪ್ರಶ್ನೆಯೇ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಅದರಲ್ಲಿ ವಾಹನಗಳನ್ನೂ ಸೇರಿಸಿತು. ಇಷ್ಟು ಹೇಳಿದ ಮೇಲೂ ವ್ಯವಹಾರದ ಮಾತು ಹೀಗೆ: ವಾರಂಟಿ ಇನ್ನೂ ಇರುವ ಗಾಡಿಯಾದರೆ ಸೆಂಟರಿಗೇ ಹೋಗಿ, ಪ್ಯಾಡ್ ಮಾತ್ರ ಹಾಕಿಸಿ. ಹಕ್ಕಿಗಾಗಿ ಕಾಗದ ಹಿಡಿದು ಓಡಾಡಲು ಎಲ್ಲರಿಗೂ ಪುರುಸೊತ್ತಿರುವುದಿಲ್ಲ.

ಮೂವತ್ತು ವರ್ಷದಿಂದ ಬ್ರೇಕ್ ಬಿಚ್ಚುತ್ತಿರುವ ಮಿಸ್ತ್ರಿಗೆ ಯಂತ್ರ ಏಕೆ ಎಂದೂ ಕೇಳುತ್ತಾರೆ. ಅವರ ಕೈ ನಂಬಲು ಯೋಗ್ಯವೇ. ಪ್ಯಾಡಿನ ಸದ್ದು ಕೇಳಿಯೇ ಯಾವ ಚಕ್ರ ಎಂದು ಹೇಳುವವರು ಈ ಊರುಗಳಲ್ಲಿದ್ದಾರೆ. ಆದರೆ ಒಳಗಿನ ನಟ್ ಕೈಗೆ ಸಿಗುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಅನುಭವ ಅಲ್ಲಿ ತಲುಪದಿರುವುದು ಮಿಸ್ತ್ರಿಯ ಕೊರತೆಯಲ್ಲ, ಗಾಡಿಯ ರಚನೆಯೇ ಹಾಗಿದೆ. ಆನ್‌ಲೈನಿನಲ್ಲಿ ಸಾವಿರ ರೂಪಾಯಿಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ಸಾಕಲ್ಲವೇ ಎಂದರೆ, ಸಾಲದು. ಅಂಥವು ಬಹುತೇಕ ಇಂಜಿನ್ ದೀಪದ ಕೋಡ್ ಓದುತ್ತವೆ, ಬ್ರೇಕಿನ ಮೋಟಾರಿಗೆ ಆಜ್ಞೆ ಕೊಡುವುದಿಲ್ಲ. ಗ್ಯಾರೇಜಿನವರು ಕೊಳ್ಳಬೇಕಾದದ್ದು ಅದಕ್ಕಿಂತ ದುಬಾರಿ ಯಂತ್ರ. ಅದಕ್ಕೆ 20,000 ಬಿತ್ತೆಂದರೆ ಗಾಡಿಗೆ 400ರಂತೆ 50 ಗಾಡಿಗಳಲ್ಲಿ ಅಸಲು ಬರುತ್ತದೆ. ಸೇಡಮಿನಂಥ ಊರಲ್ಲಿ ಇಂಥ 50 ಗಾಡಿ ಒಂದೇ ವರ್ಷ ಬಾರದಿರಬಹುದು. ಆದರೆ ಅದೇ ಯಂತ್ರ ಎಬಿಎಸ್, ಏರ್‌ಬ್ಯಾಗ್ ದೀಪಗಳಿಗೂ ಬೇಕು. ನಾವು ಚಾರ್ಜ್ ಕೊಡಲು ಹಿಂಜರಿದರೆ ಯಾರೂ ಅದನ್ನು ತರುವುದಿಲ್ಲ, ಮುಂದಿನ ಸಲವೂ ಕಲಬುರಗಿಯೇ ಗತಿ.

ಹಣ ಉಳಿಸುವ ಮಾತು ಕೊನೆಗೆ ಅಭ್ಯಾಸಕ್ಕೇ ಬರುತ್ತದೆ. ಸದ್ದು ಬಂದ ಮೇಲೆ ಹೋಗುವುದು ತಡ. ಸರ್ವಿಸಿಗೆ ಬಿಟ್ಟಾಗಲೆಲ್ಲ ನಾಲ್ಕೂ ಚಕ್ರದ ಪ್ಯಾಡಿನ ದಪ್ಪ ಬರೆಸಿಕೊಳ್ಳಿ, 3 ಮಿಲಿಮೀಟರಿಗೆ ಬಂದಾಗ ಬದಲಿಸಿ. ಲೋಹಕ್ಕೆ ಲೋಹ ಉಜ್ಜಿದರೆ ಆಗ ಡಿಸ್ಕಿನ ಖರ್ಚು ನಿಜವಾಗಿಯೂ ಬರುತ್ತದೆ. ಹಳೆಯ ಪ್ಯಾಡ್ ಕೇಳಿ ತೆಗೆದುಕೊಳ್ಳಿ. ಜಿಎಸ್‌ಟಿ ಬಿಲ್ ಇಲ್ಲದೆ ಬ್ರೇಕಿನ ಕೆಲಸ ಮಾಡಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದಿದೆ, ಹಳೆಯ ದರ ಹೇಳುವವರಿಗೆ ಇದನ್ನು ನೆನಪಿಸಿ. ಬೇಸಿಗೆಯಲ್ಲಿ ಗಾಡಿ ನಿಲ್ಲಿಸಿ ಕೆಲವು ನಿಮಿಷಗಳ ಮೇಲೆ ಹಿಂದಿನಿಂದ ಗುಂಯ್ ಎಂಬ ಸದ್ದು ಬಂದರೆ ಗಾಬರಿಯಾಗಿ ಗ್ಯಾರೇಜಿಗೆ ಓಡಬೇಡಿ. ಕಾದ ಡಿಸ್ಕ್ ತಣ್ಣಗಾಗಿ ಕುಗ್ಗಿದಾಗ ಹಿಡಿತ ಸಡಿಲವಾಗದಿರಲೆಂದು ಕೆಲವು ಗಾಡಿಗಳು ತಾವೇ ಮತ್ತೊಮ್ಮೆ ಬಿಗಿ ಮಾಡಿಕೊಳ್ಳುತ್ತವೆ. ಬ್ಯಾಟರಿ ಮಾತ್ರ ನಿರ್ಲಕ್ಷಿಸಬೇಡಿ. ಅದು ಸತ್ತರೆ ಈ ಬ್ರೇಕ್ ಬಿಡುವುದಿಲ್ಲ, ಟೋಯಿಂಗಿನ ಖರ್ಚು ಪ್ಯಾಡಿನ ಖರ್ಚನ್ನು ಮೀರಬಹುದು.

ಗಾಡಿ ಬಿಡುವ ಮುಂಚೆ ಗ್ಯಾರೇಜಿಗೆ ಫೋನ್ ಮಾಡಿ, ಮಾಡೆಲ್ಲೂ ವರ್ಷವೂ ಹೇಳಿ, ನಿಮ್ಮ ಸ್ಕ್ಯಾನರಿನಲ್ಲಿ ಇದಕ್ಕೆ ಹಿಂದಿನ ಬ್ರೇಕ್ ಸರ್ವಿಸ್ ಮೋಡ್ ಬರುತ್ತದೆಯೇ ಎಂದು ಕೇಳಿ. ಬರುತ್ತದೆ ಎಂದರೆ ಪ್ಯಾಡ್ ತರಿಸಿ ಅಲ್ಲೇ ಹಾಕಿಸಿ, 400 ಕೊಡಿ. ಇಲ್ಲ ಎಂದರೆ ಶಹಾಬಾದಿನವರಿಗೂ ಚಿತ್ತಾಪುರದವರಿಗೂ ಕಲಬುರಗಿ ದೂರವಲ್ಲ. ಸೇಡಂ, ಚಿಂಚೋಳಿಯವರು ಗಡಿಯಾಚೆಯ ತಾಂಡೂರಿನಲ್ಲೂ ಇದೇ ಪ್ರಶ್ನೆ ಕೇಳಿ ನೋಡಬಹುದು. ಎಲ್ಲಿಗೆ ಹೋದರೂ ಎಸ್ಟಿಮೇಟಿನಲ್ಲಿ ಡಿಸ್ಕಿನ ಸಾಲು ಕಂಡರೆ, ಅಳತೆಯ ಅಂಕಿ ಬರೆಯುವವರೆಗೆ ಸಹಿ ಹಾಕಬೇಡಿ.