ತಿಂದವನೊಬ್ಬನದೇ ಪಾಲೇ?

ಶಿರಸಿ

ಚಿ. ಸುಮಂತನಿಗೆ,

ಇಲ್ಲಿ ಅಡಿಕೆ ಸುಲಿಯುವ ಗಡಿಬಿಡಿ.

ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡನಿಗೆ ಬಾಯಿ ಕ್ಯಾನ್ಸರ್ ಎಂದಾಗ ನೀನು ಫೋನಿನಲ್ಲಿ ‘ಗುಟ್ಕಾ ತಿಂದ, ಅನುಭವಿಸ್ತಾನೆ’ ಅಂದೆ. ಅವನ ತಾಯಿ ‘ಹಣೆಬರಹ’ ಅನ್ನುತ್ತಾಳೆ. ಮೇಲ್ನೋಟಕ್ಕೆ ನಿಮ್ಮಿಬ್ಬರ ಮಾತು ಎಣ್ಣೆ-ಸೀಗೆಕಾಯಿ. ಆದರೆ ಯಾವುದನ್ನು ಒಪ್ಪಿದರೂ ಮಾರಿದವನು ಪಾರು, ಸರ್ಕಾರ ಪಾರು, ಅದಕ್ಕೆ ಅಡಿಕೆ ಬೆಳೆದ ನಾನೂ ಪಾರು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ, ತಂಬಾಕು ಸೇರದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದಿತು. ನಿನ್ನ ಇಂಜಿನಿಯರಿಂಗ್ ಫೀಸು, ನನ್ನ ಬಿಪಿ ಮಾತ್ರೆ ಎರಡಕ್ಕೂ ದುಡ್ಡು ಬಂದದ್ದು ಅದೇ ಅಡಿಕೆಯಿಂದ. ಊರಲ್ಲಿ ಈ ಮಾತೆತ್ತಿದರೆ ‘ವಿದೇಶಿಯರ ಪಿತೂರಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ತೋಟ ಕಡಿಯುವ ಧೈರ್ಯವೂ ಇಲ್ಲ, ಬಿಡು.

ಆಹಾರದಲ್ಲಿ ತಂಬಾಕು ಬೆರೆಸಬಾರದು ಎಂಬ 2011ರ ನಿಯಮ ಹಿಡಿದು ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಕಂಪನಿಗಳು ಬೆರೆಸುವುದನ್ನು ಬಿಟ್ಟವು, ಅಷ್ಟೇ. ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು, ಎರಡೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ನೇತಾಡುತ್ತವೆ. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಂತು. ಕಾಯಿದೆಯ ಪ್ರಕಾರ ಈಗ ಗುಟ್ಕಾ ಮಾಡುವವನು ನಮ್ಮ ಕೊನೆಗೌಡನೇ! ನಿನ್ನ ಮಾತಿಗೂ ಆ ಕಂಪನಿಗಳ ಲೆಕ್ಕಾಚಾರಕ್ಕೂ ಎಷ್ಟು ಹೊಂದಾಣಿಕೆ ನೋಡು.

ಅವನ ಪಾಲು ಇಲ್ಲವೆಂದು ನಾನು ಹೇಳುತ್ತಿಲ್ಲ. ಬಿಡು ಎಂದು ಹೆಂಡತಿ ಅತ್ತದ್ದುಂಟು. ಆದರೆ ಬೈದದ್ದರಿಂದ ಆದದ್ದೇನು? ಬಾಯಿ ಪೂರ್ತಿ ತೆರೆಯಲು ಆಗದಾದಾಗ ತುತ್ತು ಚಿಕ್ಕದು ಮಾಡಿಕೊಂಡ. ಖಾರ ಉರಿಯತೊಡಗಿದಾಗ ಮಜ್ಜಿಗೆ ಅನ್ನಕ್ಕೆ ಇಳಿದ. 30 ದಾಟಿದವರ ತಪಾಸಣೆಗೆ ಕರೆಯಲು ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಹಿತ್ತಲಿಗೆ ಹೋಗಿ ಕೂತ. ಯಾಕೋ ಅಂತ ಕೇಳಿದ್ದಕ್ಕೆ ‘ಬೈತಾರಲ್ಲ ಹೆಗಡೇರೆ’ ಅಂದ. ಹೋಗಿದ್ದರೆ ಬಾಯಿಯ ಬಿಳಿ ಮಚ್ಚೆಯನ್ನು ಬರಿಗಣ್ಣಿಗೆ ಕಾಣುವಾಗಲೇ ಹಿಡಿಯಬಹುದಿತ್ತು.

ನೀನೂ ರಾತ್ರಿ ಹತ್ತಕ್ಕೆ ಆಫೀಸಿನಿಂದ ಬಂದು ಹೊರಗಿನ ಬಿರಿಯಾನಿ ತರಿಸುತ್ತೀಯಂತೆ, ನಿನ್ನಮ್ಮ ಹೇಳಿದಳು. ನಾಳೆ ಸಕ್ಕರೆ ಕಾಯಿಲೆ ಬಂದರೆ ‘ತಿಂದ, ಅನುಭವಿಸ್ತಾನೆ’ ಅಂತ ಕೈತೊಳೆದುಕೊಳ್ಳಲೇ? ಆ ಕೆಲಸದ ಹೊತ್ತನ್ನು ನೀನೊಬ್ಬನೇ ಗೊತ್ತುಮಾಡಿದೆಯಾ? ನಿನಗೂ 30 ಆಯಿತು. ಬಿಪಿ, ಸಕ್ಕರೆ ಒಮ್ಮೆ ನೋಡಿಸಿಕೊ.

ಸೋಮವಾರ ಅವನನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆತರುತ್ತಾರೆ. ಜೊತೆಗೆ ಬರುವ ಅವನ ಮಗ ಇನ್ನೂ ಹುಡುಗ, ಆ ಊರು ಕಂಡವನಲ್ಲ. ಒಂದು ದಿನ ರಜೆ ಹಾಕಿ ಹೋಗು. ರೇಷನ್ ಕಾರ್ಡ್, ಆಧಾರ್ ತರಲು ಹೇಳಿದ್ದೇನೆ. ಯಾಕೆ ತಿಂದೆ ಅಂತ ಮಾತ್ರ ಕೇಳಬೇಡ, ಅದನ್ನು ಕೇಳುವವರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಬೇಕಾದಷ್ಟು ಮಂದಿ ಸಿಕ್ಕಿರುತ್ತಾರೆ.

ಇಂತಿ ನಿನ್ನ,
ದೊಡ್ಡಪ್ಪ