ಕ್ರಾಸ್‌ಓವರ್‌ಗೆ ಕೈ ಹಾಕುವ ಮುನ್ನ

ಹಳೇ ಸ್ಪೀಕರಿನ ಕ್ರಾಸ್‌ಓವರ್ ಬದಲಿಸಬೇಕೆಂದಿದ್ದೀರಾ? ಸೋಲ್ಡರಿಂಗ್ ಐರನ್ ಕಾಯಿಸುವ ಮೊದಲು ಅಳತೆಯ ಮೈಕ್ ಹೊರಗೆ ತೆಗೆಯಿರಿ. ವೂಫರ್ ಮೇಲೆ 8 ಓಮ್ ಎಂದಿರುತ್ತದೆ, ನಿಜ. ಆದರೆ ಆವರ್ತನ ಏರಿದಂತೆ ಆ ಇಂಪಿಡೆನ್ಸ್ ದುಪ್ಪಟ್ಟಾಗಲೂಬಹುದು. ಪುಸ್ತಕದ ಸೂತ್ರಗಳು ಎಡವುವುದು ಅಲ್ಲೇ. ಹಾಗಾಗಿ ಇಂಪಿಡೆನ್ಸನ್ನೂ ಅಳೆಯಿರಿ. ವೂಫರ್, ಟ್ವೀಟರ್ ಎರಡನ್ನೂ ಅವುಗಳ ಪೆಟ್ಟಿಗೆಯಲ್ಲೇ ಬಿಟ್ಟು, ಮೈಕನ್ನು ಕದಲಿಸದೆ, ಒಂದೊಂದಾಗಿ ನುಡಿಸಿ. ಸೌಂಡ್‌ಕಾರ್ಡಿನ ಇನ್ನೊಂದು ಚಾನೆಲನ್ನು ಸಮಯದ ಆಧಾರವಾಗಿ ಇಟ್ಟುಕೊಳ್ಳದಿದ್ದರೆ ಫೇಸ್ ಲೆಕ್ಕ ತಪ್ಪುತ್ತದೆ. ಟ್ವೀಟರಿಗೆ ತಗ್ಗು ಆವರ್ತನ ಜೋರಾಗಿ ಕೊಟ್ಟೀರಿ, ಜೋಕೆ! ಸುಟ್ಟೇಹೋದೀತು.

ಈ ಅಳತೆಗಳನ್ನು ವಿಟುಯಿಕ್ಸ್‌ಕ್ಯಾಡ್ ಎಂಬ ಸಾಫ್ಟ್‌ವೇರಿಗೆ ಹಾಕಿ. ಅಲ್ಲಿ ಕೆಪಾಸಿಟರ್ ಬದಲಿಸಿ ನೋಡಲು ಕಾಸು ಖರ್ಚಿಲ್ಲ. ಇಂಡಕ್ಟರ್ ತಂತಿಯ ರೋಧವನ್ನೂ ಅದರಲ್ಲಿ ನಮೂದಿಸಿ. ಬಹಳಷ್ಟು ಮಂದಿ ಮರೆಯುವುದು ಇದನ್ನೇ. ಜೋಡಿಸಿದ ಮೇಲೆ ಟ್ವೀಟರಿನ ತಂತಿಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಅಳೆಯಿರಿ. ಕ್ರಾಸ್‌ಓವರ್ ಆವರ್ತನದಲ್ಲಿ ಅಳತೆಯ ಗೆರೆ ಆಳಕ್ಕೆ ಕುಸಿದರೆ ಎರಡರ ಫೇಸ್ ಹೊಂದಿದೆ ಎಂದರ್ಥ. ತಂತಿಗಳನ್ನು ಮೊದಲಿನಂತೆ ಸೇರಿಸಿ.